ನೋಣಯ್ಯನ ನೂರಿಪ್ಪತ್ತು ಪೈಪು

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಐದು ನಿಮಿಷ ಇರುವಾಗ ನೋಣಯ್ಯ ಕುಲಶೇಖರದ ಗೆರ್ಟ್ರೂಡ್ ಟೀಚರ ಮನೆಯ ಜಗಲಿ ಹತ್ತಿದ. ಕಿಸೆಯಲ್ಲಿ ಫಂಡಿನ ಪುಸ್ತಕ, ತಲೆಯಲ್ಲಿ ಒಂದೇ ಲೆಕ್ಕ: ಅರುವತ್ತು ಸಾವಿರ. ಅದಕ್ಕಿಂತ ಹೆಚ್ಚು ಬಿಟ್ಟುಕೊಟ್ಟರೆ ಅವನ ಸಾರ್ವೆಯ ವ್ಯಾಪಾರ ಶುರುವಾಗುವ ಮೊದಲೇ ಮುಗಿದ ಹಾಗೆ.

ಟೀಚರು ರಿಟೈರಾದ ಮೇಲೆ ನಡೆಸುತ್ತಿದ್ದ ಫಂಡು ಅದು. ಇಪ್ಪತ್ತೈದು ಮಂದಿ, ತಿಂಗಳಿಗೆ ತಲಾ ಹತ್ತು ಸಾವಿರ, ಒಟ್ಟು ಎರಡೂವರೆ ಲಕ್ಷ. ತಿಂಗಳಿಗೊಮ್ಮೆ ಏಲಂ. ಯಾರು ಎಲ್ಲರಿಗಿಂತ ಹೆಚ್ಚು ಬಿಟ್ಟುಕೊಡುತ್ತಾರೋ ಉಳಿದ ಹಣ ಅವರಿಗೆ. ಬಿಟ್ಟದ್ದರಲ್ಲಿ ಟೀಚರಿಗೆ ಐದು ಸಾವಿರ, ಮಿಕ್ಕದ್ದು ಸಮಪಾಲಾಗಿ ಎಲ್ಲರ ಮುಂದಿನ ಕಂತಿನಲ್ಲಿ ವಜಾ. ಒಬ್ಬನ ಅವಸರ ಉಳಿದವರಿಗೆ ಲಾಭ. ಅದಕ್ಕೇ ಏಲಂ ದಿನ ಒಬ್ಬರೂ ತಪ್ಪಿಸುವುದಿಲ್ಲ.

ನೋಣಯ್ಯನಿಗೆ ಅವಸರ ಇತ್ತು. ವಯಸ್ಸು ನಲವತ್ತಾರು. ಆರನೇ ಕ್ಲಾಸಿಗೇ ಶಾಲೆ ಬಿಟ್ಟು, ಅಡಿಕೆ ಕಂಬಕ್ಕೆ ಹಗ್ಗ ಬಿಗಿದು, ಗೋಡೆ ಕೆಲಸದವರು ಹತ್ತಿ ನಿಲ್ಲುವ ಸಾರ್ವೆ ಕಟ್ಟಲು ಕಲಿತವನು. ಗಲ್ಫಿನಲ್ಲಿ ಎಂಟು ವರ್ಷ ಕಬ್ಬಿಣದ ಪೈಪು ಕಟ್ಟಿದ. ಊರಿಗೆ ಬಂದು ಕಂಟ್ರಾಕ್ಟರ್ ಫ್ಲೋಯ್ಡನ ಹತ್ತಿರ ಆರು ವರ್ಷ ಮೇಸ್ತ್ರಿಯಾಗಿದ್ದ. ಮೂರು ತಿಂಗಳ ಹಿಂದೆ, ಸ್ವಂತ ಪೈಪು ತೆಗೆದುಕೊಂಡು ಬಾಡಿಗೆಗೆ ಕೊಡುವ ಯೋಚನೆ ಉಂಟು ಎಂದು ಬಾಯಿ ತಪ್ಪಿ ಹೇಳಿದ್ದಕ್ಕೆ ಫ್ಲೋಯ್ಡ್ ಎಲ್ಲರೆದುರು, "ನೀನು ಕಟ್ಟುವ ಜನ ಮಾರಾಯ, ಬಾಡಿಗೆ ಕೊಡುವ ಜನ ಅಲ್ಲ," ಎಂದು ನಕ್ಕಿದ್ದ. ನೋಣಯ್ಯ ಕೈಯಲ್ಲಿದ್ದ ಸ್ಪ್ಯಾನರನ್ನು ಅವನ ಕಾರಿನ ಬಾನೆಟ್ಟಿಗೆ ಎಸೆದು ಮನೆಗೆ ನಡೆದಿದ್ದ.

ಬೋಳಾರದಲ್ಲಿ ಯೂಸ್ಟೇಸ್ ಪೊರ್ಬುಗಳ ನಾಲ್ಕು ಮಾಳಿಗೆಯ ಕಟ್ಟಡಕ್ಕೆ ಪೇಂಟಾಗಿ ಮುಗಿದಿತ್ತು. ಅದರ ಗೋಡೆಗೆ ಕಟ್ಟಿದ್ದ ನೂರಿಪ್ಪತ್ತು ಪೈಪು, ಮುನ್ನೂರು ಕ್ಲ್ಯಾಂಪು ಮಾರಾಟಕ್ಕಿದ್ದವು. ಕೆಳಗಿಳಿಸಿ ಗೇಟಿನಲ್ಲಿ ಕೊಡುವುದಕ್ಕೆ ಒಂದು ಲಕ್ಷ ತೊಂಬತ್ತು ಸಾವಿರ. ಹೊಸದಕ್ಕೆ ಹೋದರೆ ಇದರ ಎರಡರಷ್ಟು. ಬ್ಯಾಂಕಿನವರು ಬಿಲ್ಲು ಕೇಳಿದರು. ಹಳೆ ಮಾಲಿಗೆ ಯಾವ ಬಿಲ್ಲು? ನೋಣಯ್ಯ ಅಲ್ಲೂ ಮೇಜು ಗುದ್ದಿ ಬಂದಿದ್ದ. ಭಾನುವಾರ ಸಂಜೆಯೊಳಗೆ ಹಣ ತರದಿದ್ದರೆ ಬಂದರಿನ ಗುಜರಿಯವನಿಗೆ ತೂಕದಲ್ಲಿ ಕೊಡುವುದು ಎಂದು ಪೊರ್ಬುಗಳು ಖಡಾಖಂಡಿತ ಹೇಳಿದ್ದರು.

ಅವನ ಹೆಂಡತಿ ದೇಯಿ ಬಂದರಿನಲ್ಲಿ ಮೀನು ಮಾರುವವಳು. ದಿನಾ ಬೆಳಿಗ್ಗೆ ಧಕ್ಕೆಯ ಏಲಂನಲ್ಲಿ ನಿಂತು ಬುಟ್ಟಿ ಹಿಡಿಯುವವಳು. ಆ ಬೆಳಿಗ್ಗೆ ಹೊರಡುವ ಮುಂಚೆ ಅವಳು ಸ್ಪಷ್ಟವಾಗಿ ಹೇಳಿದ್ದಳು:

"ಅರುವತ್ತು ಆದ ಮೇಲೆ ಬಾಯಿ ತೆರೀಬೇಡಿ. ನಿಮ್ಮ ಕೋಪ ಅಲ್ಲಿ ಇಪ್ಪತ್ತನಾಲ್ಕು ಮಂದಿಗೆ ಸಂಪಾದನೆ. ಗೊತ್ತುಂಟಲ್ಲ?"

"ನಾನೆಂತ ಚಿಕ್ಕ ಮಗುವಾ?"

"ಮಗುವಾದ್ರೆ ಹೆದರ್ತಿರಲಿಲ್ಲ."

ಜಗಲಿ ತುಂಬಿತ್ತು. ಮೂಲೆಯ ಬೆತ್ತದ ಕುರ್ಚಿಯಲ್ಲಿ ಫ್ಲೋಯ್ಡ್ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಅವನೂ ಫಂಡಿನ ಮೆಂಬರು. ಆದರೆ ಇಷ್ಟು ತಿಂಗಳು ಒಮ್ಮೆಯೂ ಏಲಂ ಕೂಗಿದವನಲ್ಲ. ಟೀಚರು ಕನ್ನಡಕ ಏರಿಸಿ ಶುರು ಮಾಡಿದರು.

"ಇಪ್ಪತ್ತು," ಎಂದ ನೋಣಯ್ಯ.

"ಮೂವತ್ತು," ಎಂದ ಫ್ಲೋಯ್ಡ್.

ನರ್ಸ್ ಒಲಿಂಡಾ ಬಾಯಿಗೆ ಒಯ್ದ ಬಿಸ್ಕತ್ತನ್ನು ಹಾಗೇ ಹಿಡಿದು ಕೂತಳು.

"ಮೂವತ್ತೈದು."

"ನಲವತ್ತೈದು. ನಂಗೊಂದು ಮಿಕ್ಸರ್ ಮೆಷಿನ್ ತಗೊಳ್ಲಿಕ್ಕುಂಟು ಟೀಚರ್."

"ಐವತ್ತು."

"ಐವತ್ತೈದು."

ನೋಣಯ್ಯ ಉಸಿರು ಎಳೆದುಕೊಂಡ. "ಅರುವತ್ತು."

ಟೀಚರು, "ಅರುವತ್ತು, ಒಂದು ಸಲ... ಎರಡು ಸಲ..." ಎಂದರು. ನೋಣಯ್ಯನ ಕಣ್ಣೆದುರು ಬೋಳಾರದ ಗೋಡೆ ಬಂತು. ಅಷ್ಟರಲ್ಲಿ ಮೂಲೆಯಿಂದ ಆಕಳಿಕೆಯ ಜೊತೆಗೇ ಬಂತು: "ಅರುವತ್ತೆರಡು."

ನೋಣಯ್ಯ ಹಲ್ಲು ಕಚ್ಚಿದ. ಎರಡೂ ಕೈಯಲ್ಲಿ ಬೆಂಚಿನ ಅಂಚು ಹಿಡಿದುಕೊಂಡ. ಬಾಯಿ ತೆರೆಯಲಿಲ್ಲ. "ಅರುವತ್ತೆರಡು, ಒಂದು ಸಲ..." ದೇಯಿ ಎದುರಿದ್ದರೆ ಮೆಚ್ಚುತ್ತಿದ್ದಳು. "ಎರಡು ಸಲ..."

"ಬೇಗ ಬರೀರಿ ಟೀಚರ್," ಎಂದ ಫ್ಲೋಯ್ಡ್. "ಇವನಿಗೆ ಪೈಪು ಯಾಕೆ? ಅಡಿಕೆ ಕಂಬ ಉಂಟಲ್ಲ!"

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಆ ನಗು ಇಲ್ಲದಿದ್ದರೆ ಏನಾಗುತ್ತಿತ್ತೋ. ನೋಣಯ್ಯ ಎದ್ದು ನಿಂತಿದ್ದ.

"ಎಪ್ಪತ್ತು!"

"ಎಪ್ಪತ್ತೈದು."

"ಕೂತ್ಕೋ ನೋಣಯ್ಯ, ಕೋಪ ಮಾಡ್ಬೇಡ," ಎಂದಳು ಒಲಿಂಡಾ, ಜೇನಿನಂಥ ದನಿಯಲ್ಲಿ. ಯಾರೂ ಅವನ ತೋಳು ಹಿಡಿದು ಕೂರಿಸಲಿಲ್ಲ.

"ಎಪ್ಪತ್ತೆಂಟು!" ಎಂದ ನೋಣಯ್ಯ.

"ಎಂಬತ್ತು," ಎಂದ ಫ್ಲೋಯ್ಡ್.

"ಎಂಬತ್ತೈದು! ಹೇಳು ನೋಡುವ, ಇನ್ನು ಹೇಳು!"

ಫ್ಲೋಯ್ಡ್ ಎರಡೂ ಕೈ ಜೋಡಿಸಿ ತಲೆ ಬಾಗಿಸಿದ. ಟೀಚರು ಮೂರು ಸಲ ಎಣಿಸಿ ಬರೆದುಕೊಂಡರು. ನೋಣಯ್ಯನ ಕೈಗೆ ಒಂದು ಲಕ್ಷ ಅರುವತ್ತೈದು ಸಾವಿರದ ಚೆಕ್ಕು ಬಂತು. ಉಳಿದವರಿಗೆ ತಲಾ ಮೂರು ಸಾವಿರದ ಇನ್ನೂರು. ಮೆಟ್ಟಿಲಿಳಿಯುವಾಗ ಫ್ಲೋಯ್ಡ್ ಅವನ ಭುಜ ತಟ್ಟಿದ: "ಥ್ಯಾಂಕ್ಸ್ ಮಾರಾಯ. ಇವತ್ತು ನಮ್ಮ ಮನೇಲಿ ಅಂಜಲ್ ಮೀನು ಫ್ರೈ ನಿನ್ನ ಲೆಕ್ಕದಲ್ಲಿ."

ಮಿಕ್ಸರ್ ಮೆಷಿನ್ ಸುಳ್ಳು ಎಂದು ನೋಣಯ್ಯನಿಗೆ ಆಗಲೇ ಹೊಳೆದದ್ದು.

ಬಂದರಿಗೆ ಹೋದಾಗ ದೇಯಿ ಬಂಗುಡೆ ಕೊಯ್ಯುತ್ತಿದ್ದಳು. ಅವನ ಮುಖ ನೋಡಿದವಳು ಗಿರಾಕಿಯನ್ನು ಕಳಿಸಿ, ಕೈ ಒರೆಸಿಕೊಂಡು ಕೇಳಿದ್ದು ಒಂದೇ ಮಾತು.

"ಎಷ್ಟು ಕಮ್ಮಿ?"

"ಇಪ್ಪತ್ತೈದು ಸಾವಿರ."

ಅವಳು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಸುಲಭವಾಗುತ್ತಿತ್ತು, ತಿರುಗಿ ಬೈಯಬಹುದಿತ್ತು.

"ಪೊರ್ಬುಗಳ ಹತ್ರ ಹೋಗಿ. ಕೂತು ಮಾತಾಡಿ. ನಿಂತ್ರೆ ನೀವು ಜಗಳಕ್ಕೇ ಹೋಗುವುದು."

ಬೋಳಾರಕ್ಕೆ ತಲುಪುವಾಗ ನಾಲ್ಕು ಗಂಟೆ. ಯೂಸ್ಟೇಸ್ ಪೊರ್ಬುಗಳು ಚೆಕ್ಕು ನೋಡಿ ಹಿಂದಕ್ಕೆ ಚಾಚಿದರು.

"ಮಾತು ಅಂದ್ರೆ ಮಾತು ನೋಣಯ್ಯ. ಗುಜರಿಯವನಿಗೆ ಫೋನ್ ಮಾಡ್ತೇನೆ."

ನೋಣಯ್ಯನ ಕಿವಿ ಬಿಸಿಯಾಯಿತು. ಏಳಲು ಹೊರಟವನು ಸಿಮೆಂಟಿನ ಕಟ್ಟೆಗೆ ಅಂಟಿ ಕೂತ. ಅವನ ಕಣ್ಣು ಗೋಡೆಯ ಮೇಲಿತ್ತು. ನಾಲ್ಕನೇ ಮಾಳಿಗೆಯ ತನಕ ಒಂದೊಂದು ಪೈಪನ್ನೂ ನೋಡುತ್ತ ಹೋದ.

"ಇದನ್ನು ಬಿಚ್ಚಲಿಕ್ಕೆ ಯಾರಿಗೆ ಹೇಳಿದ್ದೀರಿ ಪೊರ್ಬುಳೆ?"

"ನಾಲ್ಕು ಜನ ಬರ್ತಾರೆ. ಹದಿನೆಂಟು ಸಾವಿರ ಕೇಳಿದ್ದಾರೆ ಕಳ್ಳರು."

"ನಾನು ಬಿಚ್ತೇನೆ. ಆ ಹದಿನೆಂಟು ನನ್ನ ಲೆಕ್ಕಕ್ಕೆ ಹಿಡೀರಿ."

ಪೊರ್ಬುಗಳು ಫೋನನ್ನು ಮೇಜಿನ ಮೇಲಿಟ್ಟರು. "ಮತ್ತೆ ಏಳು ಸಾವಿರ?"

"ನೀವೇ ಹೇಳಿ."

"ಕಂಪೌಂಡಿಗೆ ಸುಣ್ಣ ಹೊಡೀಬೇಕು. ಒಳಗೂ, ಹೊರಗೂ."

ಮೇಸ್ತ್ರಿಗೆ ಸುಣ್ಣದ ಕೆಲಸ! ಇಪ್ಪತ್ತು ಮಂದಿಗೆ ಕೆಲಸ ಹೇಳಿದವನಿಗೆ! ನೋಣಯ್ಯ ಎರಡು ಸಲ ಎಂಜಲು ನುಂಗಿದ. "ಹೊಡೀತೇನೆ."

"ಶನಿವಾರ ಬಾಡಿಗೆಯವರು ಬರ್ತಾರೆ. ಶುಕ್ರವಾರ ಸಂಜೆ ಆರಕ್ಕೆ ಗೋಡೆಯಲ್ಲಿ ಏನು ಉಳೀತದೋ ಅದು ಗುಜರಿಗೆ. ನಿನಗೆ ಅದರ ದುಡ್ಡು ವಾಪಸ್ ಇಲ್ಲ. ಆಯ್ತಾ?"

ನಾಲ್ಕು ಜನ ಐದು ದಿನ ಮಾಡುವ ಕೆಲಸ. ನೋಣಯ್ಯನಿಗೆ ಸಿಕ್ಕಿದ್ದು ಒಬ್ಬನೇ: ಹಳೆ ಜೊತೆಗಾರ ಸುಂದರ, ಅದೂ ಕೂಲಿ ಮುಂದಿನ ತಿಂಗಳು ಎಂಬ ಕರಾರಿನ ಮೇಲೆ. ಸೋಮವಾರ ಬೆಳಕು ಹರಿಯುವಾಗ ನೋಣಯ್ಯ ಬೆಲ್ಟು ಬಿಗಿದು ಮೇಲೆ ಹತ್ತಿದ. ಮೊದಲ ಕ್ಲ್ಯಾಂಪು ಬಿಚ್ಚಿ, ಪೈಪಿಗೆ ಹಗ್ಗ ಕಟ್ಟಿ ನಿಧಾನಕ್ಕೆ ಇಳಿಸಿದ.

"ಬಿಸಾಡು ಮಾರಾಯ!" ಎಂದು ಸುಂದರ ಕೆಳಗಿನಿಂದ ಕೂಗಿದ. "ಯಾವತ್ತೂ ಬಿಸಾಡ್ತಿದ್ದವ ಇವತ್ತು ತೊಟ್ಟಿಲು ತೂಗ್ತಿಯಾ? ಹೀಗಾದ್ರೆ ದೀಪಾವಳಿಗೆ ಮುಗೀತದೆ!"

"ಯಾವತ್ತೂ ಅದು ಫ್ಲೋಯ್ಡನ ಪೈಪು! ಇದು ಬಗ್ಗಿದ್ರೆ ನನ್ನದು ಬಗ್ಗುವುದು. ಹಿಡಿ ಸರಿಯಾಗಿ!"

ಬುಧವಾರಕ್ಕೆ ಅರ್ಧವೂ ಇಳಿದಿರಲಿಲ್ಲ. ದೇಯಿ ಮೀನು ಮುಗಿಸಿ ಮಧ್ಯಾಹ್ನ ಬಂದು ಸುಣ್ಣದ ಬ್ರಶ್ಶು ಹಿಡಿದಳು. ಗುರುವಾರ ತುಕ್ಕು ಹಿಡಿದ ಒಂದು ಬೋಲ್ಟಿಗೇ ಮುಕ್ಕಾಲು ಗಂಟೆ ಹೋಯಿತು. ನೋಣಯ್ಯ ಅದಕ್ಕೆ ಹೇಳಿದ ಮಾತನ್ನು ಇಲ್ಲಿ ಬರೆಯಲಾಗದು. ಶುಕ್ರವಾರ ಐದಕ್ಕೆ ಗೋಡೆಯಲ್ಲಿ ಇನ್ನೂ ಹನ್ನೊಂದು ಪೈಪು. ಐದೂ ಕಾಲಿಗೆ ಗುಜರಿಯವನ ಟೆಂಪೋ ಗೇಟಿನಲ್ಲಿ ಬಂದು ನಿಂತಿತು. ಪೊರ್ಬುಗಳು ವಾಚು ನೋಡುತ್ತ ಅದರ ಪಕ್ಕ ನಿಂತರು.

"ಇನ್ನು ಬಿಸಾಡು!" ಸುಂದರ ಮತ್ತೆ ಕೂಗಿದ. "ಒಂದೆರಡು ಬಗ್ಗಿದ್ರೆ ಬಗ್ಗಲಿ!"

ನೋಣಯ್ಯ ಮುಂದಿನ ಪೈಪಿಗೂ ಹಗ್ಗ ಕಟ್ಟಿದ. ಅಂಗೈ ಸಿಪ್ಪೆ ಎದ್ದು ಹಗ್ಗ ಕೆಂಪಾಗಿತ್ತು. ಎಂಟು. ಆರು. ಹಗ್ಗ ಹಿಡಿಯಲು ಕೆಳಗೆ ದೇಯಿಯೂ ಸೇರಿದಳು. ಮೂರು. ಕೊನೆಯದರ ಕ್ಲ್ಯಾಂಪು ತಿರುಗಲೊಲ್ಲದು. ಸ್ಪ್ಯಾನರಿನ ಮೇಲೆ ಮೈಭಾರವನ್ನೆಲ್ಲ ಹಾಕಿದ. ಕಿರ್ರೆಂದಿತು. ಸಡಿಲವಾಯಿತು. ಕೊನೆಯ ಪೈಪಿನ ತುದಿ ನೆಲ ಮುಟ್ಟಿದಾಗ ಆರಕ್ಕೆ ನಾಲ್ಕು ನಿಮಿಷ.

ಪೊರ್ಬುಗಳು ಸುಣ್ಣದ ಗೋಡೆ ಒಮ್ಮೆ ಮುಟ್ಟಿ ನೋಡಿ, ಗೇಟಿನ ಬೀಗದ ಕೈ ಹುಡುಕತೊಡಗಿದರು. ಟೆಂಪೋದವನು ಬೈದುಕೊಂಡು ಗಾಡಿ ತಿರುಗಿಸುವಷ್ಟರಲ್ಲಿ ದೇಯಿ ಅಡ್ಡ ನಿಂತಳು.

"ಖಾಲಿ ಹೋಗ್ತಿಯಲ್ಲ ಅಣ್ಣ. ಕುಲಶೇಖರಕ್ಕೆ, ನಮ್ಮ ಮನೆಗೆ ಎಷ್ಟು?"

"ಎರಡು ಟ್ರಿಪ್ ಆಗ್ತದೆ. ಎರಡೂವರೆ ಸಾವಿರ."

"ಎರಡೂವರೆಗೆ ನಿನ್ನ ಟೆಂಪೋವೇ ಬರ್ತದೆ. ಒಂದೂಕಾಲು."

ನೋಣಯ್ಯ ಪೈಪಿನ ರಾಶಿಯ ಮೇಲೆ ಕೂತು ಅಂಗೈಗೆ ನೀರು ಸುರಿದುಕೊಳ್ಳುತ್ತಿದ್ದ. ಉರಿ ನೆತ್ತಿಗೇರಿತು. ಚೌಕಾಸಿ ಸಾಯಲಿ, ಕೇಳಿದ್ದು ಕೊಡು ಎಂದು ಕೂಗಬೇಕೆನಿಸಿತು. ಕೂಗಲು ಉಸಿರಿರಲಿಲ್ಲ. ಗೇಟಿನಲ್ಲಿ ದೇಯಿ ಒಂದೂವರೆಗೆ ಏರಿದ್ದಳು, ಟೆಂಪೋದವನು ಇಂಜಿನ್ ಆಫ್ ಮಾಡಿ ಕೆಳಗಿಳಿಯುತ್ತಿದ್ದ.