ನಮ್ಮವರು ಬಂದಿದ್ದಾರೆ

ಕನ್ನಡಕದಂಗಡಿಯಲ್ಲಿ ಇಪ್ಪತ್ತೆರಡು ವರ್ಷ ನಿಂತ ಫ್ರೇಮ್ ಮಾಮನಿಗೆ ಗಿರಾಕಿಯ ಮುಖಕ್ಕಿಂತ ಮೊದಲು ಕಾಣುವುದು ಕೈ. ಕೈಯಲ್ಲಿ ಎದುರಂಗಡಿಯವರು ರೇಟು ಬರೆದುಕೊಟ್ಟ ಚೀಟಿ ಇದೆಯೋ ಇಲ್ಲವೋ, ಅವನಿಗೆ ಬೇಕಾದದ್ದು ಅಷ್ಟೇ. ರಸ್ತೆಯ ಆಚೆಗೂ ಒಂದು ಕನ್ನಡಕದಂಗಡಿ. ಅದೇ ಫ್ರೇಮು, ಅದೇ ಲೆನ್ಸು, ಕನ್ನಡಿ ಮಾತ್ರ ತುಸು ದೊಡ್ಡದು.

ಚೀಟಿ ಹಿಡಿದು ಬಂದವರನ್ನು ಕಂಡರೆ ಮಾಮ ಬಿಲ್ಲಿನ ಮೇಜಿನತ್ತ ತಿರುಗಿ, "ಹೊಸಬರು, ಸ್ವಲ್ಪ ನೋಡ್ಕೊಳ್ಳಿ!" ಎನ್ನುತ್ತಾನೆ. ಅಂದರೆ ಬಿಲ್ಲಿನಲ್ಲಿ ನೂರಕ್ಕೆ ಇಪ್ಪತ್ತು ಕಮ್ಮಿ. ಬೇರೆಲ್ಲೂ ಕಾಲಿಡದೆ ವರ್ಷಗಳಿಂದ ನೆಟ್ಟಗೆ ಇಲ್ಲಿಗೇ ಬರುವವರನ್ನು ಕಂಡರೆ, "ನಮ್ಮವರು ಬಂದಿದ್ದಾರೆ!" ಎಂದು ಕೂಗುತ್ತಾನೆ. ಅವರಿಗೆ ಪೂರ್ತಿ ಬೆಲೆ. ಬಿಟ್ಟು ಹೋಗದವರಿಗೆ ಕಮ್ಮಿ ಮಾಡುವುದು ಯಾವ ಸೀಮೆಯ ವ್ಯಾಪಾರ? ಪಾಪ, ಆ ಕೂಗು ಕೇಳಿ ಅವರ ಮುಖ ಅರಳುತ್ತದೆ. ಎದುರಂಗಡಿಯದೂ ಇದೇ ಕಸುಬು. ಅಲ್ಲಿಯ ನಮ್ಮವರು ಇಲ್ಲಿ ಹೊಸಬರು, ಇಲ್ಲಿಯ ನಮ್ಮವರು ಅಲ್ಲಿ ಹೊಸಬರು. ರಸ್ತೆ ದಾಟುವವರ ರಿಯಾಯಿತಿಯನ್ನು ದಾಟದವರು ತುಂಬಿಕೊಡುತ್ತಾರೆ.

ಮೊದಮೊದಲು ಮಾಮನಿಗೆ ಮುಜುಗರವಾಗುತ್ತಿತ್ತು. ಆಮೇಲಾಮೇಲೆ ಏನೂ ಆಗಲಿಲ್ಲ.

ಕಳೆದ ತಿಂಗಳು ಎದುರಂಗಡಿಯ ಸೇಲ್ಸ್‌ಮನ್ ಒಬ್ಬ ಅಲ್ಲಿ ಬಿಟ್ಟು ಇಲ್ಲಿಗೆ ಸೇರಿದ. ನಲವತ್ತರ ಆಸುಪಾಸು, ಬಾಯಿಗೆ ಬೀಗವಿಲ್ಲದ ಮನುಷ್ಯ. ಟೀ ಕುಡಿಯುತ್ತಾ ತನ್ನ ಸಂಬಳ ಹೇಳಿಬಿಟ್ಟ. ಮಾಮನಿಗಿಂತ ನಾಲ್ಕು ಸಾವಿರ ಜಾಸ್ತಿ.

"ಹೊಸಬ ನನಗೇ ಇಷ್ಟು ಅಂದ್ರೆ ನಿಮಗಿನ್ನೆಷ್ಟಿರಬೇಕು, ಮಾಮ!" ಎಂದು ಹುಬ್ಬು ಹಾರಿಸಿದ.

ಮಾಮ ಟೀ ಮುಗಿಸಿ ಲೋಟ ಕೆಳಗಿಟ್ಟ. ಸಿಟ್ಟು ಬರಬೇಕಿತ್ತು, ಬರಲಿಲ್ಲ.

ಮನೆಯಲ್ಲಿ ಹೇಳಿದಾಗ ಸಿಟ್ಟು ಬಂದದ್ದು ಹೆಂಡತಿಗೆ. "ಮುಂದಿನ ತಿಂಗಳಿಂದ ಬಾಡಿಗೆ ಏರುತ್ತೆ. ಊರಿಗೆಲ್ಲ ಕನ್ನಡಕ ಹಾಕಿದ್ರಿ, ನಿಮಗೆ ಮಾತ್ರ ಏನೂ ಕಾಣಿಸಲ್ಲ. ಅವನಷ್ಟೇ ಕೊಡಿ ಅಂತ ಕೇಳಿ. ಕೊಡ್ಲಿಲ್ವಾ, ನೀವೂ ರಸ್ತೆ ದಾಟಿ."

ಮಾರನೆಯ ಬೆಳಿಗ್ಗೆ, ಷೋಕೇಸಿನ ಗಾಜು ಒರೆಸಿಯಾದ ಮೇಲೆ, ಮಾಮ ಕೇಳಿಯೇಬಿಟ್ಟ. ಯಜಮಾನ ಅವನ ಕಣ್ಣೆದುರೇ ಬೆಳೆದವನು. ಎದ್ದು ಬಂದು ಹೆಗಲ ಮೇಲೆ ಕೈಯಿಟ್ಟ.

"ಅವನಿಗೆ ಅಷ್ಟು ಕೊಡದಿದ್ರೆ ಬರ್ತಾನೇ ಇರ್ಲಿಲ್ಲ. ನಿಮ್ಮ ಹತ್ರ ಆ ಥರ ವ್ಯವಹಾರ ಮಾಡೋಕಾಗುತ್ತಾ, ಮಾಮ? ನೀವು ನಮ್ಮವರು."

ಮಾಮನ ಮುಖ ಅರಳಿತು. ಅರಳಿದ್ದು ಅವನಿಗೆ ತಿಳಿಯಲಿಲ್ಲ, ಎದುರಿನ ಕನ್ನಡಿಯಲ್ಲಿ ಕಂಡಿತು. ದಿನಾ ಬೇರೆಯವರ ಮುಖದ ಮೇಲೆ ನೋಡುವ ನಗು ಅದು. ಎದುರಂಗಡಿಗೆ ಹೋಗುತ್ತೇನೆ ಎನ್ನಬೇಕೆಂದಿದ್ದವನು ಗಾಜು ಒರೆಸಿದ ಬಟ್ಟೆಯನ್ನು ಮಡಿಸಿಟ್ಟ. ಅವಮಾನ ಆಗಿದೆ ಎಂಬುದೇನೋ ಗೊತ್ತಾಯಿತು. ಹಲ್ಲು ಕೀಳುವ ಮುಂಚೆ ಮರಗಟ್ಟಿಸಿದ ವಸಡಿನ ಹಾಗೆ, ನೋವು ಮಾತ್ರ ಆಗಲಿಲ್ಲ.

ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ನಿವೃತ್ತ ಲೆಕ್ಕದ ಟೀಚರು ಒಳಗೆ ಬಂದರು. ಹದಿನೆಂಟು ವರ್ಷದಿಂದ ಮಾಮನ ಕೈಯಿಂದಲೇ ಕನ್ನಡಕ ಹಾಕಿಸಿಕೊಂಡವರು. ಕೈಯಲ್ಲಿ ಚೀಟಿ ಇರಲಿಲ್ಲ. ಬಿಲ್ಲಿನ ಮೇಜಿನವನು ತಲೆಯೆತ್ತಿ ಕಾದ. ಮಾಮ ಬಾಯಿ ತೆರೆದ. ಹೊಸಬರು ಎಂದರೆ ಸಾಕಿತ್ತು.

"ನಮ್ಮವರು ಬಂದಿದ್ದಾರೆ," ಎಂದ.

ಲೆಕ್ಕದ ಟೀಚರು ಖುಷಿಯಿಂದ ನಕ್ಕರು. ಮಾಮನೂ ಹಾಗೇ ನಕ್ಕು, ಅವರಿಗೆ ಕುರ್ಚಿ ಎಳೆದುಕೊಟ್ಟ.