ಗಟ್ಟಿ ಸ್ಪ್ರಿಂಗೂ ಅವ್ವನ ನಡವೂ

ನಮ್ಮ ಕಡೆ ಯಾರಾದರೂ ಹೊಸ ವಾಹನ ತಂದರೆ, ನೋಡಲು ಬಂದವರು ಮೊದಲು ಮಾಡುವ ಕೆಲಸ ಅದರ ಗಾಲಿಯನ್ನು ಒದೆಯುವುದು. ಇದರಿಂದ ಅವರಿಗೆ ಯಾವ ಜ್ಞಾನ ಪ್ರಾಪ್ತವಾಗುತ್ತದೆ ಎಂಬುದು ನನಗೆ ಇಂದಿಗೂ ಬಗೆಹರಿದಿಲ್ಲ. ಎತ್ತು ಕೊಳ್ಳುವಾಗ ಬಾಯಿ ಬಿಡಿಸಿ ಹಲ್ಲು ನೋಡುತ್ತಿದ್ದ ಜನ, ಕಾರಿಗೆ ಹಲ್ಲಿಲ್ಲವಾದ್ದರಿಂದ ಪರೀಕ್ಷೆಯನ್ನು ಕಾಲಿಗೆ ವರ್ಗಾಯಿಸಿಕೊಂಡಿರಬೇಕು. ಒದ್ದಾದ ಮೇಲೆ ಬಾನೆಟ್ಟಿನ ಮೇಲೆ ಎರಡೂ ಅಂಗೈ ಊರಿ ಒಮ್ಮೆ ಒತ್ತುತ್ತಾರೆ. ಗಾಡಿ ಕುಗ್ಗಿ ಮತ್ತೆ ಏಳುತ್ತದೆ. ಆಗ ಗಂಭೀರವಾಗಿ ‘ಹೂಂ’ ಎನ್ನುತ್ತಾರೆ. ಆ ‘ಹೂಂ’ ಪ್ರಶಂಸೆಯೋ ಸಂತಾಪವೋ ತಿಳಿಯದೆ, ಗಾಡಿಯ ಒಡೆಯನಾದವನು ಸುಮ್ಮನೆ ಒಳಗೆ ಹೋಗಿ ಚಹಾಕ್ಕೆ ಹೇಳಿ ಬರಬೇಕು.

ನನ್ನ ಗಾಡಿಗಂತೂ ಈ ಒದೆತದ ಯೋಗ ತುಸು ಹೆಚ್ಚೇ ಇತ್ತು, ಏಕೆಂದರೆ ಅದು ಹೈಬ್ರಿಡ್ ಕಾರು. ನಾನು ರಾಣೆಬೆನ್ನೂರಿನ ಒಂದು ಬೀಜದ ಕಂಪನಿಯಲ್ಲಿ ತಳಿ ಬೆಳೆಸುವವನು. ಬೆಂಡೆಯ ಒಂದು ತಳಿಯ ಹೂವಿನ ಪರಾಗವನ್ನು ಇನ್ನೊಂದು ತಳಿಯ ಹೂವಿಗೆ ಮುಟ್ಟಿಸಿ, ಆ ಪರೋಪಕಾರದಿಂದಲೇ ಹೊಟ್ಟೆ ಹೊರೆದವನು. ಅರ್ಧ ಪೆಟ್ರೋಲಿನಿಂದ, ಅರ್ಧ ಬ್ಯಾಟರಿಯಿಂದ ಓಡುವ ಕಾರೊಂದು ಮಾರುಕಟ್ಟೆಗೆ ಬಂದು, ಕೊಳ್ಳುವವರಿಲ್ಲದೆ ಅದರ ಬೆಲೆ ಧೊಪ್ಪನೆ ಇಳಿದಾಗ, ಜಗತ್ತಿನ ಸಂಕರಗಳೆಲ್ಲಕ್ಕೂ ನಾನೇ ಸೋದರಮಾವನೆಂಬ ವೃತ್ತಿಗರ್ವದಿಂದ ಅದನ್ನು ತಂದುಬಿಟ್ಟೆ. ನೋಡಲು ಬಂದ ರೈತರೊಬ್ಬರು ಗಾಲಿ ಒದ್ದು, “ಏನ್ರಿ ಸಾಹೇಬ್ರ, ಇದನ್ನೂ ವರ್ಷಾ ವರ್ಷಾ ಹೊಸಾದ್ ತರಬೇಕೇನ್ರಿ?” ಎಂದು ಕೇಳಿದರು. ಪ್ರತಿ ವರ್ಷವೂ ಹೊಸದಾಗಿ ಕೊಳ್ಳಲೇಬೇಕಾದ ನಮ್ಮ ಕಂಪನಿಯ ಹೈಬ್ರಿಡ್ ಬೀಜದಿಂದ ಬಹುಕಾಲ ನೊಂದವರ ಪ್ರಶ್ನೆ ಅದು. ನಾನು ಚಹಾಕ್ಕೆ ಹೇಳಲು ಒಳಗೆ ಹೋದೆ.

ಇನ್ನೊಂದು ತಾಪತ್ರಯವಿತ್ತು. ನಿಂತ ಕೂಡಲೆ ಈ ಗಾಡಿಯ ಎಂಜಿನ್ನು ತಾನಾಗಿಯೇ ಸ್ತಬ್ಧವಾಗುತ್ತದೆ. ಇಂಧನ ಉಳಿಸುವ ಅದರ ಧರ್ಮವೇ ಅದು. ರೈಲ್ವೆ ಗೇಟು ಬಿದ್ದಾಗ ನಾನು ಸದ್ದಿಲ್ಲದೆ ನಿಂತರೆ, ಹಿಂದಿನ ಆಟೋದವರು ಇಳಿದು ಬಂದು, “ಬಂದ್ ಬಿತ್ತೇನ್ರಿ? ದೂಡೂಣೇನು?” ಎಂದು ಅಂಗಿಯ ತೋಳು ಏರಿಸುತ್ತಿದ್ದರು. ಬೇಡವೆಂದರೆ ಅವರ ಮುಖ ಬಾಡುತ್ತಿತ್ತು. ಒಂದೆರಡು ಸಲ, ಅವರ ಮನಸ್ಸು ನೋಯಬಾರದೆಂದು, ದೂಡಿಸಿಕೊಂಡೂ ಇದ್ದೇನೆ.

ಇಷ್ಟೆಲ್ಲ ಅವಮಾನಗಳ ನಡುವೆ ಆ ಗಾಡಿಗೆ ಒಬ್ಬ ನಿಜವಾದ ಅಭಿಮಾನಿ ಇದ್ದಳು: ನಮ್ಮ ಅವ್ವ. ಅವ್ವನ ನಡಕ್ಕೆ, ಅಂದರೆ ಸೊಂಟಕ್ಕೆ, ಬಹು ವರ್ಷಗಳ ಶೂಲೆ. ಅವಳ ತವರು ತುಂಗಭದ್ರೆಯ ದಂಡೆಯ ಐರಣಿ. ಅಲ್ಲಿ ಅವಳ ತಮ್ಮನ ಮನೆ. ಶ್ರಾವಣದ ಪಂಚಮಿಗೆ ಹೆಣ್ಣುಮಕ್ಕಳು ಉಂಡಿಯ ಡಬ್ಬಿ ಹಿಡಿದು ತವರಿಗೆ ಹೋಗುವುದು ನಮ್ಮ ನಾಡಿನ ಅಲಿಖಿತ ಕಾನೂನು. ಆದರೆ ಬಸ್ಸಿನ ಕುಲುಕಾಟಕ್ಕೆ ಹೆದರಿ ಅವ್ವ ಹಲವು ಪಂಚಮಿಗಳನ್ನು ಮನೆಯ ಪಡಸಾಲೆಯಲ್ಲೇ ಕಳೆದಿದ್ದಳು. ಕಾರು ಬಂದ ವರ್ಷ, ಬರುತ್ತೇನೆಂದಳು. ಮೆತ್ತನೆಯ ಗಾಡಿ, ಸದ್ದಿಲ್ಲ, ಸೆಡೆತವಿಲ್ಲ. ಐರಣಿಯಲ್ಲಿ ಇಳಿದು, “ಜೋಕಾಲ್ಯಾಗ ಕುಂತು ಬಂದಂಗಾತು ನೋಡೋ ಶಂಕ್ರ” ಎಂದಳು. ನಾನು ತಂದ ಯಾವ ಸಾಮಾನಿಗೂ ಅವಳು ಅಷ್ಟು ಉದಾರವಾದ ಸರ್ಟಿಫಿಕೇಟು ಕೊಟ್ಟವಳಲ್ಲ.

ಇಂಥ ಸುಖದ ಮೇಲೆ ಕಣ್ಣು ಬಿದ್ದದ್ದು ಬ್ಯಾಡಗಿಯಿಂದ. ಅಲ್ಲಿ ನನ್ನ ಹೆಂಡತಿಯ ತಮ್ಮ ಬಸಣ್ಣನದು ಮೆಣಸಿನಕಾಯಿ ದಲಾಲಿ. ಕಾಯಿಯ ತೊಟ್ಟು ಮುರಿದು ಮೂಸಿ ಅದರ ಕುಲಗೋತ್ರ ಹೇಳಬಲ್ಲ ಬಸಣ್ಣ, ಆ ಮೂಗಿನ ಬಲದ ಮೇಲೆಯೇ ಜಗತ್ತಿನ ಮಿಕ್ಕೆಲ್ಲ ವಿಷಯಗಳಲ್ಲೂ ತೀರ್ಪು ಕೊಡುತ್ತಾನೆ. ಒಂದು ದಿನ ನನ್ನ ಪಕ್ಕ ಕೂತವನು, ಊರಾಚೆಯ ತಿರುವಿನಲ್ಲಿ ಗಾಡಿ ತುಸು ವಾಲಿದ್ದೇ ತಡ, ಬಾಗಿಲ ಹಿಡಿಕೆ ಗಟ್ಟಿಯಾಗಿ ಹಿಡಿದುಕೊಂಡ. “ಮಾಮಾರ, ಇದೇನ್ ಗಾಡೀನೋ ತುಂಬಿದ ಕೊಡಾನೋ? ತಿರುವಿನ್ಯಾಗ ಒಂದ್ ಕಡೆ ತುಳುಕತೈತಲ್ರಿ! ಗಾಡಿ ಅಂದ್ರ ರೋಡ್ ಕಚ್ಚಿ ಹಿಡೀಬೇಕ್ರಿ” ಎಂದ. ಅವತ್ತಿನವರೆಗೆ ನನ್ನ ಕಾರು ವಾಲುತ್ತದೆಂಬುದು ನನಗೆ ಗೊತ್ತಿರಲಿಲ್ಲ. ಅವತ್ತಿನಿಂದ, ಮನೆಯೊಳಗೆ ಕುರ್ಚಿಯ ಮೇಲೆ ಕೂತಾಗಲೂ ವಾಲಿದಂತೆಯೇ ಅನಿಸತೊಡಗಿತು.

ಮನುಷ್ಯನಿಗೆ ಇಲ್ಲದ ಕೊರತೆಯನ್ನು ಮನಗಾಣಿಸಲು ಒಬ್ಬ ಭಾವಮೈದುನ ಸಾಕು. ಅದನ್ನು ಶಾಸ್ತ್ರವನ್ನಾಗಿ ಬೆಳೆಸಲು ಒಂದು ಮಾಸಪತ್ರಿಕೆ ಸಾಕು. ಕಾರುಗಳ ಬಗೆಗಿನ ನುಣುಪು ಹಾಳೆಯ ಪತ್ರಿಕೆಯೊಂದನ್ನು ತರಿಸತೊಡಗಿದೆ. ಯುರೋಪಿನ ಬೆಟ್ಟಗಳಲ್ಲಿ ಹಾವಿನಂತೆ ಸುತ್ತುವ ರಸ್ತೆಗಳ ಚಿತ್ರ ನೋಡುತ್ತ, ಗಟ್ಟಿ ಸ್ಪ್ರಿಂಗು ಹಾಕಿ ಗಾಡಿಯನ್ನು ನೆಲಕ್ಕೆ ಇಳಿಸಿದರೆ ಹಿಡಿತ ಹೇಗೆ ಹೆಚ್ಚುತ್ತದೆಂಬ ಪ್ರಬಂಧಗಳನ್ನು ಊಟದ ಹೊತ್ತಿಗೂ ಓದಿದೆ. ಹಾವೇರಿಯಿಂದ ರಾಣೆಬೆನ್ನೂರಿಗೆ ಬರುವ ಹೆದ್ದಾರಿ ಬಹುಪಾಲು ನೆಟ್ಟಗಿದೆ, ತಿರುವು ಬೇಕೆಂದರೆ ಹುಡುಕಿಕೊಂಡು ಹೋಗಬೇಕು ಎಂಬ ಸಣ್ಣ ಸಂಗತಿ ಮಾತ್ರ ನನ್ನ ಪಾಂಡಿತ್ಯದ ಕಣ್ಣಿಗೆ ಬೀಳಲಿಲ್ಲ. ಪೆಟ್ರೋಲು ಉಳಿಸಲೆಂದು ಕೊಂಡ ಗಾಡಿಯನ್ನು ಪಂದ್ಯದ ಕುದುರೆ ಮಾಡಹೊರಟವನಿಗೆ ಅದು ಹೇಗೆ ತಾನೇ ಬಿದ್ದೀತು ಹೇಳಿ?

ಹಾವೇರಿಯ ಗ್ಯಾರೇಜಿನ ರಫೀಕ ಹುಬ್ಬಳ್ಳಿಯಿಂದ ಗಿಡ್ಡನೆಯ ಗಟ್ಟಿ ಸ್ಪ್ರಿಂಗು, ಅದಕ್ಕೊಪ್ಪುವ ಶಾಕ್ ಅಬ್ಸಾರ್ಬರು ತರಿಸಿದ. ಉತ್ಸಾಹದಲ್ಲಿ ಅವನು ನನಗಿಂತ ಒಂದು ಕೈ ಮೇಲು. ನಾಲ್ಕು ಗಾಲಿ ಬಿಚ್ಚಿ, ಹಳೆಯ ಸ್ಪ್ರಿಂಗುಗಳನ್ನು ಮೂಲೆಗೆ ಎಸೆದು, “ಇವು ಗಾದಿ ತುಂಬಾಕ ಚೊಲೊ ಸರ್” ಎಂದ. ನಾನೂ ನಕ್ಕು, ಗುಜರಿಯವರಿಗೆ ಕೊಟ್ಟುಬಿಡು ಎಂದೆ. ಗುಜರಿಯವರು ಅಷ್ಟರಲ್ಲೇ ಬಂದಿದ್ದರು. ನಮ್ಮಲ್ಲಿ ಅವರೊಬ್ಬರೇ ಹೊತ್ತಿಗೆ ಸರಿಯಾಗಿ ಬರುವವರು. ಗಾಡಿ ನಾಲ್ಕು ಬೆರಳು ನೆಲಕ್ಕಿಳಿದು ಕೂತಿತು. ಗಾಲಿಗೆ ನಿಂಬೆಹಣ್ಣು ಇಟ್ಟು, ಹಣೆಗೆ ಕುಂಕುಮ ಹಚ್ಚಿ, “ಈಗ ನೋಡ್ರಿ ಸರ್, ಹಲ್ಲಿ ಗ್ವಾಡಿ ಹಿಡದಂಗ ಹಿಡೀತೈತಿ” ಎಂದು ರಫೀಕ ಬೀಳ್ಕೊಟ್ಟ.

ಸುಳ್ಳು ಹೇಳಬಾರದು, ಹಿಡಿಯಿತು. ಬ್ಯಾಡಗಿಗೆ ನೇರ ಹೋಗಿ ಬಸಣ್ಣನನ್ನು ಕೂರಿಸಿಕೊಂಡು ಅದೇ ತಿರುವಿನಲ್ಲಿ ಸುತ್ತಿಸಿದೆ. ಗಾಡಿ ಒಂದಿಷ್ಟೂ ವಾಲಲಿಲ್ಲ. “ಭಲೇ ಮಾಮಾ! ಈಗ ನೋಡ್ರಿ ಗಾಡಿ ಅನಿಸ್ತು” ಎಂದ ಬಸಣ್ಣ. ಆ ಭಲೇ ಕೇಳಲು ಮತ್ತೊಮ್ಮೆ ಸುತ್ತಿಸಿದೆ. ಮೆಣಸಿನಕಾಯಿ ಚೀಲ ಹೊತ್ತು ಹೋಗುತ್ತಿದ್ದ ಹಮಾಲರು ನಿಂತು ನೋಡಿದರು. ದಾರಿ ತಪ್ಪಿದವರು ಎಂದುಕೊಂಡಿರಬಹುದು.

ಮರುದಿನ ಅವ್ವನನ್ನು ಡಾಕ್ಟರ ಬಳಿ ಕರೆದೊಯ್ದೆ. ಗಟಾರದ ಕೆಲಸಕ್ಕೆ ಅಗೆದು ಅರ್ಧ ಮುಚ್ಚಿದ ನಮ್ಮ ಓಣಿಯ ಒಂದೊಂದು ತೆಗ್ಗೂ ಸ್ಪ್ರಿಂಗಿನ ಮಧ್ಯಸ್ಥಿಕೆಯಿಲ್ಲದೆ ನೇರ ಅವ್ವನ ನಡಕ್ಕೆ ವರದಿಯಾಯಿತು. ಅವಳು ಹಿಡಿಕೆ ಹಿಡಿದು ಕಣ್ಣು ಮುಚ್ಚಿಕೊಂಡಳು. ಮನೆಗೆ ಬಂದು ಬಿಸಿ ಉಪ್ಪಿನ ಗಂಟಿನ ಶಾಖ ಇಟ್ಟುಕೊಂಡು ಮಲಗಿದವಳನ್ನು, ಗಾಡಿ ಹೇಗಿದೆ ಅವ್ವಾ ಎಂದು ನಾಚಿಕೆಯಿಲ್ಲದೆ ಕೇಳಿದೆ. “ಗಾಡಿ ಚೊಲೊ ಐತಪ್ಪ. ನನ್ನ ನಡಾನ ಹಳೇದಾಗೇತಿ” ಎಂದಳು. ಹಳೆಯವನ್ನೇ ಮತ್ತೆ ಹಾಕಿಸೋಣವೆಂದು ರಫೀಕನಿಗೆ ಫೋನು ಮಾಡಿದರೆ ಹಳೆಯ ಸ್ಪ್ರಿಂಗು ಅಷ್ಟು ಹೊತ್ತಿಗೆ ಕರಗಿ ಕಬ್ಬಿಣವಾಗಿರಬಹುದು ಎಂದ. ಅಂಥದ್ದೇ ಹೊಸದನ್ನು ಕಾರಿನ ಕಂಪನಿಯಿಂದಲೇ ತರಿಸಬೇಕು, ಯಾವಾಗ ಬಂದೀತೋ ಹೇಳಲಾಗದು.

ಸ್ಪ್ರಿಂಗು ಬರಲಿಲ್ಲ, ಪಂಚಮಿ ಬಂತು. ಶೇಂಗಾ ಉಂಡಿ, ಎಳ್ಳುಂಡಿ ಕಟ್ಟಿ ಡಬ್ಬಿ ತುಂಬಿಸಿದ ಅವ್ವ, ತಾನು ಬಸ್ಸಿಗೆ ಹೋಗುತ್ತೇನೆಂದು ಘೋಷಿಸಿದಳು. ನನ್ನ ಹೆಂಡತಿ ಬೇಡವೆಂದಳು, ನಾನು ಬೇಡವೆಂದೆ. “ನಡ ನೋಯ್ದ್ರ ನೋಯ್ಲಿ. ನನ್ನ ತಮ್ಮ ಬಾಗಲದಾಗ ನಿಂತು ದಾರಿ ಕಾಯ್ತಾನ. ಈ ಸಲ ಬಿಟ್ರ ಮುಂದಿನ ಸಲ ನಾ ಇರ್ತೇನೋ ಅಂವ ಇರ್ತಾನೋ” ಎಂದಳು. ಇದಕ್ಕೆ ಯಾವ ಮಾಸಪತ್ರಿಕೆಯಲ್ಲೂ ಉತ್ತರವಿಲ್ಲ. ಹೀಗಾಗಿ ಆ ದಿನ ರಾಣೆಬೆನ್ನೂರಿನಿಂದ ಐರಣಿಯ ರಸ್ತೆಯಲ್ಲಿ ಒಂದು ವಿಚಿತ್ರ ಮೆರವಣಿಗೆ ಹೊರಟಿತು: ಮುಂದೆ ಅವ್ವ ಕೂತ ಕೆಂಪು ಬಸ್ಸು, ಹಿಂದೆ ಖಾಲಿ ಹೈಬ್ರಿಡ್ ಕಾರಿನಲ್ಲಿ ಅವಳ ಸೀರೆಯ ಚೀಲವನ್ನು ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡ ನಾನು. ದಾರಿಯ ತಿರುವುಗಳಲ್ಲಿ ನನ್ನ ಗಾಡಿ ಎಳ್ಳಷ್ಟೂ ವಾಲಲಿಲ್ಲ. ಬಸ್ಸು ಎಲ್ಲ ಕಡೆಗೂ ವಾಲುತ್ತಿತ್ತು.

ಐರಣಿಯಲ್ಲಿ ಅವ್ವ ನಡಕ್ಕೆ ಕೈ ಕೊಟ್ಟುಕೊಂಡು ಮೆಲ್ಲನೆ ಇಳಿದಳು. ಅವಳ ಹಿಂದೆ, ಅವಳಂತೆಯೇ ರಾಣೆಬೆನ್ನೂರಿಗೆ ಕೊಟ್ಟ ಅದೇ ಊರಿನ ಹೆಣ್ಣುಮಕ್ಕಳು ನಾಲ್ವರು, ಕೈಯಲ್ಲಿ ಡಬ್ಬಿಗಳು. ಅವರಲ್ಲಿ ಗಂಗವ್ವ ಎಂಬಾಕೆ ಬಂದು ನನ್ನ ಗಾಡಿಯನ್ನು ಮೇಲಿಂದ ಕೆಳಗೆ ನೋಡಿ, “ಇದನ ಏನಪ ಆ ಗಾಡಿ? ಎಣ್ಣಿ ಸುರದಂಗ ಹೋಗ್ತೈತಂತ, ಕುಂತದ್ದ ಗೊತ್ತಾಗೂದಿಲ್ಲಂತ. ಹಾದಿ ತುಂಬ ನಿಮ್ಮವ್ವಂದು ಅದ ಮಾತು. ಮತ್ಯಾಕ ಬಸ್ಸಿಗೆ ಬಂದ್ರಿ ಅಂದ್ರ, ನಿಮ್ಮ ಕೂಡ ನಾಕ್ ಮಾತಾಡೂಣಂತ ಬಂದೇನಿ ಅಂದ್ರು” ಎಂದಳು. ಅವ್ವ ಹೊಳೆಯ ಕಡೆ ತಿರುಗಿ ಸೆರಗು ಸರಿಮಾಡಿಕೊಳ್ಳುತ್ತಿದ್ದಳು. ಬಸಣ್ಣನ ಭಲೇಗಿಂತ ದೊಡ್ಡ ಭಲೇ ಇದು; ಆದರೆ ಇದನ್ನು ಮತ್ತೊಮ್ಮೆ ಕೇಳಲು ನಿಲ್ಲದೆ ಸೀರೆಯ ಚೀಲ ಎತ್ತಿಕೊಂಡು ನಡೆದೆ.

ಹಬ್ಬ ಮುಗಿದ ಮೇಲೆ, ಮತ್ತೆ ಬಸ್ಸಿನ ಬೆನ್ನಿಗೇ ಬರುವ ಸಿದ್ಧತೆಯಿಂದ ಐರಣಿಗೆ ಹೋದೆ. ಬಸ್ ನಿಲ್ದಾಣದಲ್ಲಿ ಅವ್ವನ ಜೊತೆ ಆ ನಾಲ್ವರೂ ಗಂಟು ಕಟ್ಟಿಕೊಂಡು ನಿಂತಿದ್ದರು. ಗಂಗವ್ವ ಮುಂದೆ ಬಂದು, “ಮಾತಾಡಾಕ ಬಸ್ಸ ಯಾಕ ಬೇಕ್ರಿ ಅಕ್ಕಾರ? ನಾವ ಗಾಡ್ಯಾಗ ಬರ್ತೇವಿ, ಅಲ್ಲೇ ಮಾತಾಡೂಣು” ಎಂದಳು. ಅವ್ವ ನನ್ನನ್ನು ನೋಡಿದಳು, ನಾನು ಅವ್ವನನ್ನು ನೋಡಿದೆ. ತಾನೇ ಹೊಗಳಿದ ಗಾಡಿಯನ್ನು ಒಲ್ಲೆ ಎನ್ನುವುದು ಹೇಗೆ? ಹಲ್ಲು ಕಚ್ಚಿ ಮುಂದಿನ ಸೀಟಿನಲ್ಲಿ ಕೂತಳು. ಹಿಂದೆ ನಾಲ್ವರೂ ಒತ್ತಿಕೊಂಡು ಕೂತರು. ಡಿಕ್ಕಿಯ ಅರ್ಧವನ್ನು ಬ್ಯಾಟರಿಯೇ ನುಂಗಿದ್ದರಿಂದ ಗಂಟುಗಳೆಲ್ಲ ತೊಡೆಯ ಮೇಲೆ ಬಂದವು. ನಾನು ಮನಸ್ಸಿನಲ್ಲೇ ಅವ್ವನ ಕ್ಷಮೆ ಕೇಳಿ ಗಾಡಿ ಬಿಟ್ಟೆ.

ಮೊದಲ ತೆಗ್ಗು ಬಂತು. ಅವ್ವ ಕಣ್ಣು ಮುಚ್ಚಿಕೊಂಡಳು. ಗಾಡಿ ಮೆಲ್ಲನೆ ಕುಗ್ಗಿ, ಮೆಲ್ಲನೆ ಎದ್ದಿತು. ಅವ್ವ ಕಣ್ಣು ಬಿಟ್ಟು ನನ್ನತ್ತ ನೋಡಿದಳು. ಎರಡನೆಯ ತೆಗ್ಗಿಗೂ ಹಾಗೆಯೇ. ಗಟ್ಟಿ ಸ್ಪ್ರಿಂಗಿಗೆ ಒಬ್ಬಿಬ್ಬರ ಭಾರ ಲೆಕ್ಕಕ್ಕಿಲ್ಲ. ಆರು ಜನ ಕೂತಾಗ ಅದರ ಬಿಗುಮಾನ ಇಳಿಯಿತು. ಭಾವಮೈದುನನೊಬ್ಬನನ್ನೇ ಪಕ್ಕಕ್ಕಿಟ್ಟುಕೊಂಡು ತಿರುವು ಸುತ್ತಿದ ನನಗೆ ಇದು ತಿಳಿಯುವುದಾದರೂ ಹೇಗೆ? ಒಬ್ಬನೇ ಕೂತು ಓಡಿಸುವವನ ಸುಖಕ್ಕೆಂದು ಎಲ್ಲೋ ಮಾಡಿದ ಸಾಮಾನನ್ನು, ಹೊರಡುವಾಗ ಓಣಿಯಲ್ಲಿ ಯಾರಾದರೂ ಬರುತ್ತೀರೇನ್ರಿ ಎಂದು ಕೇಳಿಯೇ ಹೊರಡುವ ನಾಡಿಗೆ ನಾನು ತಂದಿದ್ದೆ.

ಆದರೆ ಭಾರ ಬಿದ್ದ ಗಾಡಿ ನೆಲಕ್ಕೆ ಇನ್ನಷ್ಟು ಹತ್ತಿರವಾಗಿತ್ತು, ಮತ್ತು ಮುಂದೆ ಹಂಪುಗಳು, ಅಂದರೆ ರಸ್ತೆಯುಬ್ಬುಗಳು, ಇದ್ದವು. ನಮ್ಮ ಹಳ್ಳಿಗಳ ಹಂಪುಗಳಿಗೆ ಎಂಜಿನಿಯರರ ಹಂಗಿಲ್ಲ. ಯಾರದೋ ಕೋಳಿ ಬಸ್ಸಿಗೆ ಸಿಕ್ಕಿದರೆ, ಗುಡಿಯ ಕಟ್ಟೆಯ ಉಳಿದ ಸಿಮೆಂಟಿನಲ್ಲಿ ಅದಕ್ಕೊಂದು ಸಮಾಧಿಯಂತೆ ಹಂಪು ಎದ್ದುಬಿಡುತ್ತದೆ. ಮೊದಲ ಹಂಪಿನಲ್ಲಿ ಗಾಡಿ ನಿಲ್ಲಿಸಿ ಹಿಂದಿನ ನಾಲ್ವರನ್ನು ಇಳಿಸಿದೆ. ಅವರು ಡಬ್ಬಿ ಹಿಡಿದು ನಡೆದರು, ಖಾಲಿಯಾದ ಗಾಡಿ ಹೊಟ್ಟೆ ಎತ್ತಿ ಹಂಪು ದಾಟಿತು, ಮತ್ತೆ ಹತ್ತಿದರು. ಎರಡನೆಯದರಲ್ಲೂ ಇಳಿದರು, ನಡೆದರು, ಕಟ್ಟೆಯ ಮೇಲಿದ್ದವರನ್ನು ಮಾತಾಡಿಸಿ ಹತ್ತಿದರು. ಕಟ್ಟೆಯವರಲ್ಲೊಬ್ಬ, “ಗಾಡಿ ಮಂದೀನ ಒಯ್ತೈತೋ, ಮಂದಿ ಗಾಡೀನ ಒಯ್ತಾರೋ?” ಎಂದು ಕೇಳಿದ. ನಾನು ಗಾಜು ಏರಿಸಿಕೊಂಡೆ.

ಮೂರನೆಯ ಹಂಪು ಕಂಡಾಗ ಅವ್ವ ನನ್ನ ಮೊಣಕೈ ಹಿಡಿದಳು. ಹಿಂದಿನವರಿಗೆ ಕೇಳದಂತೆ, “ಅವರ್ನ ಇಳಸಬ್ಯಾಡೋ ಶಂಕ್ರ” ಎಂದಳು. “ಅವರಿದ್ರ ಮೆತ್ತಗ ಹೋಗ್ತೈತಿ. ಅವರ್ ಇಳದ ಕೂಡ್ಲೆ ನನ್ನ ನಡಕ್ಕ ಒದೀತೈತಿ.”

ಎದುರಿಗಿದ್ದದ್ದು ಆವರೆಗಿನವುಗಳಲ್ಲೆಲ್ಲ ಎತ್ತರದ ಹಂಪು. ಕೆಳಗೆ ಇದ್ದದ್ದು, ತಿಂಗಳಿಗೊಮ್ಮೆ ನಾನು ಬಗ್ಗಿ ನೋಡಿ ಒಂದು ಗೀರೂ ಇಲ್ಲವೆಂದು ಖಾತ್ರಿ ಮಾಡಿಕೊಳ್ಳುತ್ತಿದ್ದ ಗಾಡಿಯ ಹೊಟ್ಟೆ. ಹಿಂದೆ ಗಂಗವ್ವ ಅಭ್ಯಾಸಬಲದಿಂದ ಬಾಗಿಲಿಗೆ ಕೈ ಹಾಕಿದ್ದಳು.

“ಇಳೀಬ್ಯಾಡ್ರಿ, ಕುಂದರ್ರಿ” ಎಂದೆ.

ಮುಂದಿನ ಗಾಲಿ ಏರಿ ಇಳಿಯಿತು. ಆಮೇಲೆ ಒಂದು ಉದ್ದನೆಯ ಕರಕರ ಸದ್ದು ನಮ್ಮ ಪಾದಗಳ ಕೆಳಗಿನಿಂದ ಹೊರಟು ಹಿಂದಿನ ಸೀಟಿನವರೆಗೆ ಸಾಗಿತು. “ಅಯ್ಯ ಶಿವನ! ಏನೋ ಕಿತ್ತು ಬಂತಲ್ಲೋ ತಮ್ಮಾ!” ಎಂದಳು ಗಂಗವ್ವ.

“ಏನೂ ಇಲ್ಲ ಬಿಡವಾ, ನೀವು ಮಾತಾಡ್ರಿ” ಎಂದೆ.

ಅವರು ಮಾತಾಡಿದರು. ಅವ್ವ ಹಿಡಿಕೆಯಿಂದ ಕೈ ತೆಗೆದು, ಡಬ್ಬಿಯ ಮುಚ್ಚಳ ಬಿಚ್ಚಿ, ಹಿಂದಕ್ಕೆ ತಿರುಗಿ ಎಲ್ಲರಿಗೂ ಒಂದೊಂದು ಉಂಡಿ ಕೊಟ್ಟಳು. ಎಷ್ಟೋ ವರ್ಷಗಳಿಂದ ನಡ ತಿರುಗಿಸಲಾರದವಳು ಹಾಗೆ ತಿರುಗಿದ್ದನ್ನು ನಾನು ಓರೆಗಣ್ಣಿನಲ್ಲಿ ನೋಡಿದೆ. ಮುಂದೆ ಮತ್ತೊಂದು ಹಂಪು ಬರುತ್ತಿತ್ತು. ಬಂದರೆ ಬರಲೆಂದು ಹೋದೆ.