ಅತ್ತೆ ಹಿಡಿದಿಟ್ಟ ಮಳೆ

ನನ್ನ ಅತ್ತೆಗೆ, ಅಂದರೆ ಅಪ್ಪನ ಅಕ್ಕನಿಗೆ, ಮೈತುಂಬ ತೊನ್ನು. ಲಗ್ನವಾಗಲಿಲ್ಲ. ಬ್ಯಾಡಗಿ ಹತ್ತಿರದ ನಮ್ಮ ಊರಿನ ಮನೆಯಲ್ಲೇ ಇದ್ದು, ನನ್ನನ್ನು ಎತ್ತಿ ಆಡಿಸಿ, ಬೈದು, ಬೆಳೆಸಿದಳು. ಇಸವಿ ಎರಡು ಸಾವಿರ ದಾಟಿ ಒಂದೆರಡು ವರ್ಷವಾಗಿತ್ತು, ಬೇಸಿಗೆಯಲ್ಲಿ ಸತ್ತಳು. ನಮ್ಮಲ್ಲಿ ಹೂಳುವುದು ಪದ್ಧತಿ. ಹೊಲದ ಬದುವಿನಲ್ಲಿ ಹೂಳಿದೆವು.

ಆ ಸಲ ಮುಂಗಾರು ಕೈಕೊಟ್ಟಿತು. ಹಾನಗಲ್ ಕಡೆಯಿಂದ ಕಪ್ಪು ಮೋಡ ಬರುವುದು, ನಮ್ಮ ನೆತ್ತಿಯ ಮೇಲೆ ಹಾದು ರಾಣೆಬೆನ್ನೂರಿನತ್ತ ಹೋಗುವುದು. ಮೆಣಸಿನ ಸಸಿ ಮಡಿಯಲ್ಲೇ ಒಣಗಿದವು. ತೊನ್ನಿದ್ದವರನ್ನು ಹೂತರೆ ಮಳೆ ಬೀಳುವುದಿಲ್ಲ, ಹೆಣ ತೆಗೆದು ಸುಡಬೇಕು ಎಂಬ ನಂಬಿಕೆ ನಮ್ಮ ಸೀಮೆಯಲ್ಲಿ ಹಳೆಯದು. ಊರಿನವರು ನಾಲ್ಕೈದು ಜನ ಮನೆಗೆ ಬಂದರು, ಚಹಾ ಕುಡಿದರು, ಆಮೇಲೆ ಅದನ್ನೇ ಕೇಳಿದರು.

ಅಪ್ಪ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದರು.

“ಮೋಡದಾಗ ನೀರಿನ ಸಣ್ಣ ಹನಿ ಇರತಾವ. ಹಗರ ಇದ್ದಾಗ ತೇಲತಾವ. ಒಂದಕ್ಕೊಂದು ಕೂಡಿ ಭಾರ ಆದ್ರ ಬೀಳತಾವ, ಕೂಡಲಿಲ್ಲಂದ್ರ ಇಲ್ಲ. ಇದ್ರಾಗ ಸತ್ತಾಕಿ ಏನ ಮಾಡ್ಯಾಳು?”

ಗುಂಪಿನ ಮುಂದಾಳು ಅಪ್ಪನ ಹಳೆಯ ವಿದ್ಯಾರ್ಥಿ. “ಖರೇ ಐತ್ರಿ ಸರ್. ನೀವು ಕಲಿಸಿದ್ದನ್ನ ಪರೀಕ್ಷಾದಾಗ ಬರದೇನಿ, ಮಾರ್ಕ್ಸೂ ಬಂದಾವ. ಆದ್ರ ನಮ್ಮ ಊರ ಮ್ಯಾಲ ಹನಿ ಯಾಕ ಕೂಡವಲ್ವು? ಅದನ್ನ ಹೇಳ್ರಿ.”

ಅಪ್ಪ ಗಾಳಿ, ತಂಪು, ಧೂಳಿನ ಕಣ ಎಂದೇನೋ ಶುರು ಮಾಡಿದರು. ಯಾರೂ ಕಿವಿಗೊಡಲಿಲ್ಲ. ಕೊನೆಗೆ, “ನಾನ ತಗೀತೇನಿ. ನೀವ್ಯಾರೂ ಆಕಿನ್ನ ಮುಟ್ಟಬ್ಯಾಡ್ರಿ” ಅಂದುಬಿಟ್ಟರು. ನನಗೆ ಮೈ ಉರಿದುಹೋಯಿತು.

ಮರುದಿನ ಮುಂಜಾನೆ ಅಪ್ಪನೇ ಗುದ್ದಲಿ ಹಿಡಿದರು. ಹಳೆಯ ಟೈರು, ಸೀಮೆಎಣ್ಣೆ ಊರವರೇ ತಂದಿದ್ದರು. ಅತ್ತೆಗೆ ಉಡಿಸಿ ಕಳಿಸಿದ್ದ ಇಳಕಲ್ ಸೀರೆಯ ಸೆರಗು ಇನ್ನೂ ಗುರುತು ಸಿಗುವಂತಿತ್ತು. ನಾನು ಅಲ್ಲಿ ನಿಲ್ಲಲಾರದೆ ಮನೆಗೆ ಬಂದೆ.

ಅಂದಿನಿಂದ ಮಳೆ ಬರಬಾರದು ಎಂದು ದೇವರಿಗೆ ಕೈಮುಗಿದವಳು ಇಡೀ ಊರಿನಲ್ಲಿ ನಾನೊಬ್ಬಳೇ ಇರಬೇಕು. ಬಾರದಿದ್ದರೆ ಅತ್ತೆಯ ಮೇಲಿನ ಅಪವಾದವಾದರೂ ಹೋಗುತ್ತಿತ್ತು. ನಮ್ಮ ಹೊಲವೂ ಒಣಗಿ ಹಾಳಾಗಿ ಹೋಗಲಿ ಎಂದುಕೊಂಡೆ.

ಅದೇ ವಾರ ಬಂತು, ಹಳ್ಳ ತುಂಬಿ ಹರಿಯುವಂಥ ಮಳೆ. ಅಪ್ಪನ ಆ ವಿದ್ಯಾರ್ಥಿ ತೊಯ್ದು ತೊಪ್ಪೆಯಾಗಿ ಬಾಗಿಲಿಗೆ ಬಂದ. ಹಂಚಲು ಸಕ್ಕರೆ ತಂದಿದ್ದ.

“ನೋಡ್ರಿ ಸರ್, ನಿಮ್ಮ ಅಕ್ಕಾರು ಕಡೀಗೂ ಮಳಿ ಬಿಟ್ರು” ಎಂದ.

ಅಪ್ಪ ಅಂಗೈ ಚಾಚಿ ಸಕ್ಕರೆ ಇಸಿದುಕೊಂಡು ಬಾಯಿಗೆ ಹಾಕಿಕೊಂಡರು. ಅಗೆದದ್ದಕ್ಕಲ್ಲ, ಆ ಸಕ್ಕರೆ ತಿಂದದ್ದಕ್ಕೆ ನಾನು ಅವರನ್ನು ಇವತ್ತಿಗೂ ಕ್ಷಮಿಸಿಲ್ಲ.